ಮಗಳು ಒಬ್ಬಳೇ ಓಡಾಡಲು ಕಲಿತಿದ್ದಾಳೆ. ಹೆಮ್ಮೆ ಪಡಲೋ, ಹೆದರಲೋ?

ಪ್ರಶ್ನೆ: ನಮಸ್ಕಾರ. ನಮ್ಮದು ಅರಸೀಕೆರೆ. ಯಜಮಾನರದು ಕೊಬ್ಬರಿ ವ್ಯಾಪಾರ. ಮಗಳಿಗೆ 16 ವರ್ಷ, ಮಗನಿಗೆ 13. ಮಗಳು ಈ ವರ್ಷ ಮೊದಲ ಪಿಯುಸಿಗೆ ಹಾಸನದ ಕಾಲೇಜಿಗೆ ಸೇರಿದಳು. ದಿನಾ ರೈಲಿನಲ್ಲಿ ಹೋಗಿ ಬರುತ್ತಾಳೆ. ಹತ್ತನೇ ಕ್ಲಾಸಿನವರೆಗೆ ಬೀದಿ ತುದಿಯ ಅಂಗಡಿಗೂ ತಮ್ಮನನ್ನು ಕರೆದುಕೊಂಡೇ ಹೋಗುತ್ತಿದ್ದ ಹುಡುಗಿ ಅವಳು. ಹೋದ ತಿಂಗಳು ಒಂದು ಸಂಜೆ ಜೋರು ಮಳೆ. ರೈಲು ತಪ್ಪಿತು. ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಬಸ್ ಸ್ಟ್ಯಾಂಡಿಗೆ ನಡೆದು ಹೋಗಿ, ವಿಚಾರಣೆ ಕೌಂಟರಿನಲ್ಲಿ ಕೇಳಿಕೊಂಡು, ಬಸ್ಸು ಹತ್ತಿ, ಪಕ್ಕದಲ್ಲಿ ಕೂತಿದ್ದ ಟೀಚರ್ ಒಬ್ಬರ ಫೋನಿನಿಂದ ನನಗೆ ಕರೆ ಮಾಡಿ, ರಾತ್ರಿ ಎಂಟಕ್ಕೆ ಮನೆಗೆ ಬಂದಳು. ಒದ್ದೆಯಾದ ನೋಟ್‌ಬುಕ್‌ಗಳ ಹಾಳೆ ಬಿಡಿಸಿ ಫ್ಯಾನಿನ ಕೆಳಗೆ ಹರಡಿಟ್ಟು ಆಮೇಲೆ ಊಟಕ್ಕೆ ಕೂತಳು. ನನಗೆ ಎಷ್ಟು ಹೆಮ್ಮೆ ಆಯಿತು ಅಂದ್ರೆ ಹೇಳೋಕಾಗಲ್ಲ. ಆದರೆ ರಾತ್ರಿ ಮಲಗಿದ ಮೇಲೆ ಯಾಕೋ ಅಳು ತಡೆಯಲಿಕ್ಕೆ ಆಗಲಿಲ್ಲ.

ಮರುದಿನ ಯಜಮಾನರು ಅವಳಿಗೆ ಹೇಳದೆ ಅವಳ ಫೋನಿಗೆ ಎಲ್ಲಿದ್ದಾಳೆ ಅಂತ ತೋರಿಸುವ ಆ್ಯಪ್ ಹಾಕಿದರು. ವಾರದೊಳಗೆ ಅವಳಿಗೆ ಗೊತ್ತಾಯಿತು. ಈಗ ಅಪ್ಪನ ಜೊತೆ ಮಾತು ಅಷ್ಟಕ್ಕಷ್ಟೇ. ನಮ್ಮ ಅತ್ತೆಯವರು ‘ಹೆಣ್ಣುಮಕ್ಕಳಿಗೆ ಇಷ್ಟು ಸದರ ಕೊಟ್ಟರೆ ನಾಳೆ ಕೈಗೆ ಸಿಗಲ್ಲ’ ಅಂತಾರೆ. ಮಗಳದು ಈಗ ಮೂರು ಬೇಡಿಕೆ. ಸ್ಟೇಷನ್ನಿಗೆ ಹೋಗಲು ನನ್ನ ಸ್ಕೂಟರ್ ಬೇಕಂತೆ. ಅವಳದೇ ಬ್ಯಾಂಕ್ ಖಾತೆ ಬೇಕಂತೆ. ದಸರಾ ರಜೆಗೆ ಮೈಸೂರಿನ ಚಿಕ್ಕಮ್ಮನ ಮನೆಗೆ ಒಬ್ಬಳೇ ಹೋಗುತ್ತಾಳಂತೆ. ಮಗ ಮಾತ್ರ ಇನ್ನೂ ಉಂಡ ತಟ್ಟೆ ಎತ್ತುವುದಿಲ್ಲ. ನಾನು ಪಡುತ್ತಿರುವ ಹೆಮ್ಮೆ ಸರಿಯೋ, ಅಥವಾ ನಾನೇ ಅವಳನ್ನು ಕೆಡಿಸುತ್ತಿದ್ದೇನೋ? ಅವಳು ನಮ್ಮಿಂದ ದೂರ ಹೋಗುತ್ತಿದ್ದಾಳಾ?

ಉತ್ತರ: ನಿಮ್ಮ ಹೆಮ್ಮೆ ಸರಿಯಾಗಿಯೇ ಇದೆ. ಮೊದಲು ಅದನ್ನು ಹೇಳಿಬಿಡುತ್ತೇನೆ, ಯಾಕಂದ್ರೆ ಪತ್ರದ ಉದ್ದಕ್ಕೂ ಆ ಹೆಮ್ಮೆಗೆ ಯಾರದೋ ಒಪ್ಪಿಗೆ ಬೇಕು ಅನ್ನುವ ಹಾಗೆ ಬರೆದಿದ್ದೀರಿ.

ಆ ಸಂಜೆ ಅವಳು ಮಾಡಿದ್ದನ್ನು ಒಂದೊಂದಾಗಿ ನೋಡಿ. ರೈಲು ತಪ್ಪಿದಾಗ ಬೇರೆ ದಾರಿ ಯಾವುದಿದೆ ಅಂತ ಯೋಚಿಸಿದಳು. ದಾರಿಯಲ್ಲಿ ಸಿಕ್ಕ ಸಿಕ್ಕವರನ್ನು ಕೇಳದೆ ವಿಚಾರಣೆ ಕೌಂಟರಿಗೆ ಹೋದಳು. ಫೋನ್ ಬೇಕಾದಾಗ ಯಾರನ್ನು ಕೇಳಿದರೆ ಸುರಕ್ಷಿತ ಅಂತ ತೂಗಿ ನೋಡಿ ಒಬ್ಬ ಟೀಚರನ್ನು ಕೇಳಿದಳು. ನಿಮ್ಮ ನಂಬರ್ ಅವಳಿಗೆ ಬಾಯಿಪಾಠ ಇತ್ತು. ಈಗಿನ ಎಷ್ಟೋ ಮಕ್ಕಳಿಗೆ ಅದು ಬರುವುದಿಲ್ಲ. ಮನೆಗೆ ಬಂದ ಮೇಲೆ ಹಸಿವಾಗಿದ್ದರೂ ಮೊದಲು ನೋಟ್ಸ್ ಉಳಿಸಿಕೊಂಡಳು. ಇದೆಲ್ಲ ಒಂದು ಸಂಜೆಯಲ್ಲಿ ಹುಟ್ಟುವ ಬುದ್ಧಿಯಲ್ಲ. ಹಿಂದಿನ ಹತ್ತು ಹದಿನೈದು ವರ್ಷ ಮನೆಯಲ್ಲಿ ನೋಡಿ, ಕೇಳಿ ಕಲಿತದ್ದು ಬೇಕಾದ ಹೊತ್ತಿಗೆ ಕೈಗೆ ಬಂದಿದೆ.

ಇದನ್ನು ಅವಳಿಗೆ ಹೇಳಿದ್ದೀರಾ? ಪತ್ರದಲ್ಲಿ ಆ ಮಾತು ಕಾಣಲಿಲ್ಲ. ಮಕ್ಕಳನ್ನು ಎದುರಿಗೇ ಹೊಗಳಿದರೆ ದೃಷ್ಟಿಯಾಗುತ್ತೆ, ತಲೆಗೇರುತ್ತೆ ಅಂತ ನಮ್ಮ ಮನೆಗಳಲ್ಲಿ ಬಾಯಿ ಬಿಡುವುದಿಲ್ಲ. ಸುಮ್ನೆ ‘ಜಾಣೆ ಕಣೇ ನೀನು’ ಅಂದರೆ ಅದರಿಂದ ಅವಳಿಗೆ ಹೆಚ್ಚೇನೂ ಸಿಗುವುದಿಲ್ಲ, ನಿಜ. ‘ಫೋನ್ ಆಫ್ ಆದಾಗ ಗಾಬರಿ ಬೀಳದೆ ಆ ಟೀಚರ್ ಹತ್ತಿರ ಕೇಳಿದೆಯಲ್ಲ, ಅದು ನನಗೆ ತುಂಬಾ ಹಿಡಿಸಿತು’ ಅಂತ ಹೇಳಿ ನೋಡಿ. ತಾನು ಮಾಡಿದ್ದರಲ್ಲಿ ಯಾವುದು ಸರಿಯಾಯಿತು ಅಂತ ಅವಳಿಗೆ ಸ್ಪಷ್ಟವಾಗುತ್ತದೆ. ಮುಂದಿನ ಸಲ ಅದನ್ನೇ ಮಾಡುತ್ತಾಳೆ.

ಇನ್ನು ಆ ರಾತ್ರಿಯ ಅಳು. ಹದಿಹರೆಯದ ಮಕ್ಕಳ ಮತ್ತು ಅವರ ಪೋಷಕರ ಜೊತೆ ಆಪ್ತಸಮಾಲೋಚನೆ ಮಾಡುವುದು ನನ್ನ ಕೆಲಸ. ಮಕ್ಕಳ ಹಟ, ಓದು, ಫೋನು ಅಂತ ದೂರು ಹೇಳಿಕೊಂಡು ಬಂದ ಅಮ್ಮಂದಿರು ಮಾತಿನ ನಡುವೆ ಇದನ್ನೂ ಹೇಳುತ್ತಾರೆ, ಅದೂ ತಪ್ಪು ಒಪ್ಪಿಕೊಂಡ ಹಾಗೆ. ಮಗು ಏನೋ ಒಂದನ್ನು ತಾನೇ ಮಾಡಿದ ದಿನ ಖುಷಿಯೂ ಆಗುತ್ತದೆ, ‘ಇನ್ನು ಇದಕ್ಕೆ ನಾನು ಬೇಡ’ ಅಂತ ಒಳಗೆ ಚುಚ್ಚುತ್ತದೆ ಕೂಡ. ಎರಡೂ ಒಂದೇ ಪ್ರೀತಿಯಿಂದ ಬರುತ್ತವೆ. ಹಾಗಾಗಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಓಡಿಸಬೇಕಾಗಿಲ್ಲ. ಆದರೆ ಅಳು ಎರಡು ವಾರಕ್ಕಿಂತ ಜಾಸ್ತಿ ದಿನ ಬಿಡದೆ ಕಾಡಿದರೆ, ನಿದ್ದೆ ಊಟ ಕೆಟ್ಟರೆ, ಯಾವುದರಲ್ಲೂ ಮನಸ್ಸೇ ಇಲ್ಲ ಅನಿಸಿದರೆ ಆಗ ಅದು ಮಗಳ ವಿಷಯವಾಗಿ ಉಳಿಯುವುದಿಲ್ಲ, ನಿಮ್ಮ ಆರೋಗ್ಯದ ವಿಷಯವಾಗುತ್ತದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಕೊಡಬೇಕಾಗಿಲ್ಲ.

ಅತ್ತೆಯವರ ಮಾತು ಎಷ್ಟು ನಿಜ?

ಹಿರಿಯರು ಸುಮ್ಮನೆ ಕುಹಕಕ್ಕೆ ಹಾಗೆ ಹೇಳುವುದಿಲ್ಲ. ಅವರ ಕಾಲದಲ್ಲಿ ಹೆಣ್ಣುಮಗಳು ಸಂಜೆ ಹೊರಗೆ ಸಿಕ್ಕಿಹಾಕಿಕೊಂಡರೆ ಕೈಯಲ್ಲಿ ಫೋನಿರಲಿಲ್ಲ, ಬಸ್ಸುಗಳೂ ಕಡಿಮೆ, ಊರ ಬಾಯಿಗೆ ಬಿದ್ದರೆ ಮುಗಿಯಿತು. ಆ ಭಯಕ್ಕೆ ಕಾರಣ ಇತ್ತು. ಆದರೆ ‘ಬಿಟ್ಟರೆ ಕೈತಪ್ಪುತ್ತಾರೆ’ ಅನ್ನುವುದು ನಿಯಮವಲ್ಲ. ಏನೂ ಕೇಳದೆ, ಮಿತಿಯೇ ಹಾಕದೆ ಬಿಟ್ಟ ಮಕ್ಕಳು ದಾರಿ ತಪ್ಪುವುದನ್ನು ನಾನು ನೋಡಿದ್ದೇನೆ. ಉಸಿರಾಡಲೂ ಬಿಡದೆ ಬೆಳೆಸಿದ ಮಕ್ಕಳು ಹಾಸ್ಟೆಲ್ ಸೇರಿದ ಮೊದಲ ಆರು ತಿಂಗಳಲ್ಲೇ ದಾರಿ ತಪ್ಪುವುದನ್ನೂ ನೋಡಿದ್ದೇನೆ. ಮಿತಿ ಹಾಕಿ, ಕಾರಣ ಹೇಳಿ, ವಯಸ್ಸಿಗೆ ತಕ್ಕ ಹಾಗೆ ಆ ಮಿತಿಯನ್ನು ಸಡಿಲಿಸುತ್ತಾ ಹೋಗುವ ಮನೆಗಳಲ್ಲಿ ಮಕ್ಕಳು ಚೆನ್ನಾಗಿ ಬೆಳೆಯುತ್ತಾರೆ.

ಇನ್ನೊಂದು ನಂಬಿಕೆ, ಸ್ವತಂತ್ರವಾಗಿ ಬೆಳೆದ ಮಕ್ಕಳು ಅಪ್ಪ ಅಮ್ಮನಿಂದ ದೂರವಾಗುತ್ತಾರೆ ಅನ್ನುವುದು. ಇದಕ್ಕೆ ಉತ್ತರವಾಗಿ ನನಗೆ ನೆನಪಾಗುವುದು ಟರ್ಕಿಯ ಮನಶ್ಶಾಸ್ತ್ರಜ್ಞೆ ಚಿದೆಮ್ ಕಾಯಿತ್ಚಿಬಾಶಿ ಅವರ ಕೆಲಸ. ನಮ್ಮ ಹಾಗೆಯೇ ಕುಟುಂಬಕ್ಕೆ ಬಹಳ ಬೆಲೆ ಕೊಡುವ ಸಮಾಜದಲ್ಲಿ ಅವರು ಕೆಲಸ ಮಾಡಿದರು. ಊರು ಬೆಳೆದು, ಓದು ಹೆಚ್ಚಿದ ಹಾಗೆ ಅಪ್ಪ ಅಮ್ಮಂದಿರು ದುಡ್ಡಿಗಾಗಿ ಮಕ್ಕಳನ್ನು ನೆಚ್ಚುವುದು ಕಡಿಮೆಯಾಗುತ್ತದೆ, ಆದರೆ ಅಕ್ಕರೆಯ ನಂಟು ಹಾಗೇ ಇರುತ್ತದೆ ಅಂತ ಅವರು ತೋರಿಸಿದರು. ತನ್ನ ಕಾಲ ಮೇಲೆ ನಿಲ್ಲುವುದು, ಮನೆಯವರಿಗೆ ಹತ್ತಿರವಾಗಿರುವುದು, ಇವೆರಡೂ ಒಬ್ಬರಲ್ಲೇ ಇರಬಹುದು ಅನ್ನುವುದು ಅವರ ವಾದ. ನಮ್ಮ ಊರುಗಳಲ್ಲಿ ದಿನಾ ಕಾಣುವುದೂ ಇದನ್ನೇ. ಬೆಂಗಳೂರಿನಲ್ಲಿ ದುಡಿಯುವ, ತನ್ನ ಬಾಡಿಗೆ ತಾನೇ ಕಟ್ಟುವ ಹುಡುಗಿ ದಿನಾ ರಾತ್ರಿ ಅಮ್ಮನಿಗೆ ಫೋನ್ ಮಾಡಿ ‘ಏನು ಸಾರು ಮಾಡಿದ್ದೆ’ ಅಂತ ಕೇಳುತ್ತಾಳೆ.

ಹದಿಹರೆಯ ಅಂದರೆ ಮನೆಯಲ್ಲಿ ಯುದ್ಧ ಅನ್ನುವ ಮಾತೂ ಹಳೆಯದು. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟಾನ್ಲಿ ಹಾಲ್ 1904ರಲ್ಲೇ ಈ ವಯಸ್ಸನ್ನು ಬಿರುಗಾಳಿಯ ಕಾಲ ಅಂತ ಕರೆದಿದ್ದರು. ಆಮೇಲಿನ ಅಧ್ಯಯನಗಳು ಅದನ್ನು ಅಷ್ಟಾಗಿ ಒಪ್ಪಲಿಲ್ಲ. ಹೆಚ್ಚಿನ ಮನೆಗಳಲ್ಲಿ ಜಗಳ ಆಗುವುದು ಬಟ್ಟೆ, ಕೋಣೆ, ಫೋನು, ಏಳುವ ಹೊತ್ತಿನಂಥ ದಿನದ ವಿಷಯಕ್ಕೆ. ಕೋಣೆ ಹೇಗಿರಬೇಕು ಅನ್ನುವುದು ತನ್ನ ಸ್ವಂತ ವಿಷಯ ಅಂತ ಮಗಳು ತಿಳಿದಿರುತ್ತಾಳೆ. ಅದು ಮನೆಯ ಶಿಸ್ತಿನ ವಿಷಯ ಅಂತ ನೀವು ತಿಳಿದಿರುತ್ತೀರಿ. ಆ ಜಗಳವನ್ನು ನೋಡಿ ‘ಇವಳು ನಮ್ಮ ಕೈಬಿಟ್ಟು ಹೋದಳು’ ಅಂದುಕೊಳ್ಳಬೇಡಿ.

16ರ ತಲೆಯಲ್ಲಿ ಏನು ನಡೆಯುತ್ತದೆ?

‘25 ವರ್ಷ ಆಗುವವರೆಗೆ ಮೆದುಳು ಬಲಿಯುವುದಿಲ್ಲ, ಆಮೇಲೆ ನೋಡೋಣ’ ಅಂತ ಈಗ ಕೆಲವು ಅಪ್ಪಂದಿರು ನನ್ನ ಮುಂದೆ ವಾದ ಮಾಡುತ್ತಾರೆ. ಅರ್ಧ ಮಾತ್ರ ನಿಜ. ಆಸೆ, ಆವೇಗಕ್ಕೆ ಕಡಿವಾಣ ಹಾಕುವ ಮೆದುಳಿನ ಮುಂಭಾಗ ಇಪ್ಪತ್ತರ ಆಚೆಗೂ ಬೆಳೆಯುತ್ತಾ ಇರುತ್ತದೆ. ಆದರೆ 25ನೇ ಹುಟ್ಟುಹಬ್ಬದ ದಿನ ಏನೋ ಬದಲಾಗುತ್ತದೆ ಅಂತಿಲ್ಲ. ಅದೂ ಅಲ್ಲದೆ, ಸಮಾಧಾನವಾಗಿ ಕೂತು ಯೋಚಿಸಲು ಸಮಯ ಸಿಕ್ಕರೆ 16ರ ಮಕ್ಕಳ ತೀರ್ಮಾನ ದೊಡ್ಡವರ ತೀರ್ಮಾನಕ್ಕೆ ಬಹಳ ಹತ್ತಿರ ಇರುತ್ತದೆ. ಎಡವಟ್ಟಾಗುವುದು ಉದ್ವೇಗದಲ್ಲಿ, ಗೆಳೆಯರ ಎದುರು.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಗೊ ಗಾರ್ಡ್‌ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಹದಿಹರೆಯದವರು, ಯುವಕರು, 24 ದಾಟಿದವರು ಹೀಗೆ ಮೂರು ಗುಂಪುಗಳಿಗೆ ಕಾರು ಓಡಿಸುವ ವಿಡಿಯೋ ಗೇಮ್ ಕೊಟ್ಟರು. ಒಬ್ಬರೇ ಕೂತು ಆಡಿದಾಗ ಮೂರೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಗೆಳೆಯರನ್ನು ಪಕ್ಕದಲ್ಲಿ ಕೂರಿಸಿದಾಗ ಹದಿಹರೆಯದವರು ಅಪಾಯಕ್ಕೆ ಕೈಹಾಕುವುದು ತುಂಬಾ ಹೆಚ್ಚಿತು. ದೊಡ್ಡವರಲ್ಲಿ ಹೆಚ್ಚಲಿಲ್ಲ. ನಿಮ್ಮ ಮಗಳ ಮೂರು ಬೇಡಿಕೆಗಳನ್ನು ತೂಗುವಾಗ ಇದನ್ನು ನೆನಪಿಟ್ಟುಕೊಳ್ಳಿ.

ಫೋನಿನ ಆ ಆ್ಯಪ್

ಮೂರು ಬೇಡಿಕೆಗಿಂತ ಮೊದಲು ಈ ಆ್ಯಪಿನ ವಿಷಯ ಮುಗಿಸೋಣ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಚಿಂತೆ ತಂದದ್ದು ಇದೊಂದೇ. ಯಜಮಾನರು ಹಾಗೆ ಮಾಡಿದ್ದು ಭಯದಿಂದ ಅಂತ ನನಗೂ ಗೊತ್ತು. ಆ ಸಂಜೆ ಅವರೂ ಅಂಗಡಿಯಲ್ಲಿ ಕೂತು ಒದ್ದಾಡಿರುತ್ತಾರೆ.

ಮಕ್ಕಳ ಬಗ್ಗೆ ಪೋಷಕರಿಗೆ ಎಷ್ಟು ಗೊತ್ತಿದೆಯೋ ಮಕ್ಕಳು ಅಷ್ಟು ಸುರಕ್ಷಿತ ಅಂತ ಮನಶ್ಶಾಸ್ತ್ರದಲ್ಲಿ ಬಹಳ ಕಾಲ ನಂಬಿದ್ದರು. ಹಾಗಾಗಿ ಕಣ್ಣಿಟ್ಟಿರಿ, ವಿಚಾರಿಸುತ್ತಾ ಇರಿ ಅನ್ನುವ ಸಲಹೆ ಬಂತು. ಸ್ವೀಡನ್ನಿನಲ್ಲಿ ಹಾಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ ಅನ್ನುವ ಮನಶ್ಶಾಸ್ತ್ರಜ್ಞರು 2000ದಲ್ಲಿ ಒಂದು ಸರಳ ಪ್ರಶ್ನೆ ಕೇಳಿದರು: ಅಪ್ಪ ಅಮ್ಮನಿಗೆ ಆ ವಿಷಯಗಳು ಗೊತ್ತಾಗುವುದಾದರೂ ಹೇಗೆ? 14 ವರ್ಷದ ಮಕ್ಕಳನ್ನೂ ಅವರ ಪೋಷಕರನ್ನೂ ವಿಚಾರಿಸಿದಾಗ ಕಂಡದ್ದು ಏನಂದರೆ, ಗೊತ್ತಿದ್ದ ವಿಷಯದಲ್ಲಿ ಹೆಚ್ಚಿನ ಪಾಲು ಮಕ್ಕಳು ತಾವಾಗಿ ಬಂದು ಹೇಳಿದ್ದು. ಕಾವಲು ಕಾಯ್ದು, ಕೆದಕಿ ಕೇಳಿ ತಿಳಿದುಕೊಂಡದ್ದು ಕಡಿಮೆ. ಮಕ್ಕಳು ದಾರಿ ತಪ್ಪದಿರುವುದಕ್ಕೂ ಹೆಚ್ಚು ನಂಟಿದ್ದದ್ದು ಈ ತಾವಾಗಿ ಹೇಳುವುದಕ್ಕೇ.

ಅಧ್ಯಯನ ಸ್ವೀಡನ್ನಿನದು, ನಮ್ಮ ಮನೆ ಬೇರೆ ಅಂತ ನೀವು ಹೇಳಬಹುದು. ನನ್ನ ಅನುಭವದಲ್ಲಿ ಇಲ್ಲಿ ಇದು ಇನ್ನೂ ಜಾಸ್ತಿ ನಿಜ, ಅದರಲ್ಲೂ ಹೆಣ್ಣುಮಕ್ಕಳ ವಿಷಯದಲ್ಲಿ. ದಿನಾ ಬಸ್ಸು, ರೈಲಿನಲ್ಲಿ ಓಡಾಡುವ ಹುಡುಗಿಯರಿಗೆ ಒಂದಲ್ಲ ಒಂದು ದಿನ ಯಾರೋ ಮೈಗೆ ತಾಗಿ ನಿಲ್ಲುತ್ತಾರೆ, ಹಿಂಬಾಲಿಸುತ್ತಾರೆ, ಕೆಟ್ಟ ಮೆಸೇಜು ಕಳಿಸುತ್ತಾರೆ. ಇದನ್ನು ಮನೆಯಲ್ಲಿ ಯಾಕೆ ಹೇಳಲಿಲ್ಲ ಅಂತ ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ‘ಹೇಳಿದ್ರೆ ಕಾಲೇಜು ಬಿಡಿಸ್ತಾರೆ.’ ಯಾರೋ ಮಾಡಿದ ತಪ್ಪಿಗೆ ತನ್ನ ಓದು ನಿಲ್ಲುತ್ತದೆ ಅನ್ನುವ ಭಯ. ಹಾಗಾಗಿ ತಿಂಗಳುಗಟ್ಟಲೆ ಒಬ್ಬಳೇ ನುಂಗಿಕೊಂಡಿರುತ್ತಾಳೆ. ತೊಂದರೆ ಕೊಡುವವನಿಗೂ ಅದೇ ಬೇಕಾಗಿರುತ್ತದೆ.

ಆ್ಯಪ್ ನಿಮಗೆ ಅವಳು ಎಲ್ಲಿದ್ದಾಳೆ ಅಂತ ತೋರಿಸುತ್ತದೆ. ಯಾರ ಜೊತೆ, ಯಾವ ಸ್ಥಿತಿಯಲ್ಲಿ ಇದ್ದಾಳೆ ಅಂತ ತೋರಿಸುವುದಿಲ್ಲ. ಕದ್ದು ಹಾಕಿದ್ದು ಗೊತ್ತಾದ ಮೇಲೆ ಮಕ್ಕಳು ಫೋನನ್ನು ಗೆಳತಿಯ ಬ್ಯಾಗಿನಲ್ಲಿಟ್ಟು ಹೋಗುವುದೂ ಉಂಟು. ಆಗ ನಿಮ್ಮ ಕೈಯಲ್ಲಿ ಸುಳ್ಳು ಧೈರ್ಯ ಮಾತ್ರ ಉಳಿಯುತ್ತದೆ.

ನಿಮ್ಮ ಮುಂದೆ ಎರಡು ದಾರಿ ಇದೆ. ಪೂರ್ತಿ ತೆಗೆದುಹಾಕುವುದು ಒಂದು. ಸಂಜೆ ತಡವಾದಾಗ ನಿಮ್ಮ ಜೀವ ಹಾರುತ್ತದೆ, ಅದನ್ನು ಒಪ್ಪಿಕೊಂಡೇ ತೆಗೆಯಬೇಕು. ಇನ್ನೊಂದು, ಅವಳ ಒಪ್ಪಿಗೆ ಪಡೆದು, ವಾಟ್ಸ್ಆ್ಯಪಿನಲ್ಲಿ ಲೈವ್ ಲೊಕೇಶನ್ ಕಳಿಸುವ ಪದ್ಧತಿ ಮಾಡಿಕೊಳ್ಳುವುದು: ಕತ್ತಲಾದ ಮೇಲೆ ಪ್ರಯಾಣ ಇದ್ದರೆ ಮಾತ್ರ, ಮನೆ ತಲುಪುವವರೆಗೆ ಮಾತ್ರ. ಅಪ್ಪ ರಾತ್ರಿ ಲೋಡಿನ ಜೊತೆ ಹೊರಟಾಗ ಅವರೂ ಕಳಿಸಲಿ. ಮನೆಯವರೆಲ್ಲ ಪಾಲಿಸುವ ನಿಯಮವಾದರೆ ಅದು ಕಾವಲಾಗುವುದಿಲ್ಲ. ನಾನಾದರೆ ಎರಡನೆಯದನ್ನು ಆರಿಸುತ್ತೇನೆ. ಆದರೆ ಮೊದಲು ಅಪ್ಪನೇ ಅವಳ ಎದುರು ಕೂತು ‘ಹೆದರಿಕೆಯಾಗಿ ಹಾಕಿದೆ, ನಿನಗೆ ಹೇಳದೆ ಹಾಕಬಾರದಿತ್ತು’ ಅಂತ ಹೇಳಿ, ಅವಳ ಕೈಯಿಂದಲೇ ಅದನ್ನು ತೆಗೆಸಬೇಕು. ನೀವು ಮಧ್ಯಸ್ತಿಕೆ ಮಾಡಿ ಅಪ್ಪನ ಪರವಾಗಿ ಹೇಳಿದರೆ ಅದು ನಡೆಯುವುದಿಲ್ಲ.

ಅದೇ ಹೊತ್ತಿಗೆ ಇನ್ನೊಂದು ಮಾತು ಇಬ್ಬರೂ ಬಾಯಿಬಿಟ್ಟು ಹೇಳಿ: ‘ಹೊರಗೆ ಏನೇ ಆದರೂ, ತಪ್ಪು ನಿನ್ನದೇ ಆಗಿದ್ದರೂ, ನಮಗೆ ಹೇಳಿದ್ದಕ್ಕೆ ನಿನ್ನ ಕಾಲೇಜು ನಿಲ್ಲುವುದಿಲ್ಲ.’ ಹೇಳಿದ ಮೇಲೆ ಆ ಮಾತಿಗೆ ತಪ್ಪಬೇಡಿ. ಅವಳಿಗೆ ಇನ್ನೂ 18 ಆಗಿಲ್ಲ, ಹಾಗಾಗಿ ಅವಳ ಮೇಲೆ ನಡೆಯುವ ಯಾವುದೇ ಲೈಂಗಿಕ ಕಿರುಕುಳಕ್ಕೆ 2012ರ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ ಅಂತ ಅವಳಿಗೂ ಗೊತ್ತಿರಲಿ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112, ರೈಲಿನಲ್ಲಿ 139. ಈ ನಂಬರುಗಳೂ ಮನೆಯ ನಂಬರಿನ ಹಾಗೆ ಬಾಯಿಗೆ ಬರಬೇಕು.

ಮೂರು ಬೇಡಿಕೆ

ಸ್ಕೂಟರ್: ಬೇಡ. ಇಲ್ಲಿ ರಾಜಿ ಮಾಡಿಕೊಳ್ಳಬೇಡಿ. 16 ತುಂಬಿದವರಿಗೆ ಸಿಗುವ ಲೈಸೆನ್ಸ್ 50 ಸಿಸಿ ಒಳಗಿನ ಗಾಡಿಗೆ ಮಾತ್ರ. ಮನೆಗಳಲ್ಲಿರುವ ಪೆಟ್ರೋಲ್ ಸ್ಕೂಟರುಗಳು ಸಾಮಾನ್ಯವಾಗಿ 100 ಸಿಸಿ ಮೇಲಿನವು. ಅದಕ್ಕೆ 18 ಆಗಲೇಬೇಕು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ. ಮಗುವಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ನಮ್ಮ ರಾಜ್ಯದಲ್ಲೇ ಕೋರ್ಟುಗಳು ಪೋಷಕರಿಗೆ ಈ ದಂಡ ಹಾಕಿವೆ. ಅಪಘಾತವಾದರೆ ಪರಿಹಾರದ ಹಣವನ್ನು ವಿಮೆ ಕಂಪನಿ ನಿಮ್ಮಿಂದಲೇ ವಸೂಲಿ ಮಾಡಬಹುದು.

ಕಾನೂನು ಒಂದು ಕಡೆ ಇರಲಿ. ಮೇಲೆ ಹೇಳಿದ ಪ್ರಯೋಗ ನೆನಪಿಸಿಕೊಳ್ಳಿ. ಸ್ಟೇಷನ್ನಿಗೆ ಒಬ್ಬಳೇ ಹೊರಟ ಸ್ಕೂಟರಿನ ಹಿಂದೆ ಎರಡನೇ ವಾರಕ್ಕೆ ಒಬ್ಬ ಗೆಳತಿ ಕೂರುತ್ತಾಳೆ, ಮೂರನೇ ವಾರಕ್ಕೆ ಇಬ್ಬರು. ಬೇಡ ಅನ್ನುವಾಗ ‘ನೀನು ಹುಡುಗಿ’ ಅನ್ನುವ ಕಾರಣ ಮಾತ್ರ ಕೊಡಬೇಡಿ. ತಮ್ಮನಿಗೂ 18ರವರೆಗೆ ಇದೇ ನಿಯಮ ಅಂತ ಹೇಳಿ, ಹಾಗೆಯೇ ನಡೆದುಕೊಳ್ಳಿ. ಸೈಕಲ್ ಇದೆ. ಗಂಟೆಗೆ 25 ಕಿಲೋಮೀಟರ್ ಮೀರದ, 250 ವ್ಯಾಟ್ ಒಳಗಿನ ಮೋಟರಿನ ವಿದ್ಯುತ್ ಗಾಡಿಗೆ ಲೈಸೆನ್ಸ್ ಬೇಕಾಗಿಲ್ಲ. ಆದರೂ ಹೆಲ್ಮೆಟ್ ಬೇಕು, ಹೆದ್ದಾರಿಗೆ ಇಳಿಯಬಾರದು. ಕೊಳ್ಳುವ ಮುಂಚೆ ಅದರ ದಾಖಲೆ ನೋಡಿ, ಅಂಗಡಿಯವರ ಬಾಯಿಮಾತು ನಂಬಬೇಡಿ.

ಬ್ಯಾಂಕ್ ಖಾತೆ: ಮಾಡಿಸಿ, ತಡ ಮಾಡಬೇಡಿ. 10 ವರ್ಷ ತುಂಬಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಬಹುದು ಅಂತ ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಮತ್ತೆ ಸ್ಪಷ್ಟಪಡಿಸಿದೆ. ಎಷ್ಟು ಹಣದವರೆಗೆ, ಎಟಿಎಂ ಕಾರ್ಡ್ ಕೊಡಬೇಕೋ ಬೇಡವೋ ಅನ್ನುವುದನ್ನು ಆಯಾ ಬ್ಯಾಂಕ್ ತೀರ್ಮಾನಿಸುತ್ತದೆ. ಖಾತೆ ಮೈನಸ್‌ಗೆ ಹೋಗಲು ಬಿಡುವುದಿಲ್ಲ, ಆ ಮಟ್ಟಿಗೆ ಸಾಲದ ಭಯ ಇಲ್ಲ. ಅವಳ ಆಧಾರ್‌ನ ಬೆರಳಚ್ಚು, ಫೋಟೋ 15 ತುಂಬಿದ ಮೇಲೆ ಅಪ್‌ಡೇಟ್ ಆಗಿದೆಯಾ ನೋಡಿ. ವಿದ್ಯಾರ್ಥಿವೇತನದ ಹಣ ಬರುವುದು ಆಧಾರ್ ಜೋಡಿಸಿದ ಖಾತೆಗೇ.

ಬ್ಯಾಂಕಿಗೆ ಅವಳ ಜೊತೆ ನೀವು ಹೋಗಿ, ಆದರೆ ಕೌಂಟರಿನಲ್ಲಿ ಅವಳೇ ಮಾತಾಡಲಿ. ಫಾರಂ ಅವಳೇ ತುಂಬಲಿ, ಎರಡು ಸಲ ಕಾಟು ಹೊಡೆದರೂ ಪರವಾಗಿಲ್ಲ. ಯುಪಿಐ ಬೇಕೇ ಬೇಕು ಅಂದರೆ ಯುಪಿಐ ಸರ್ಕಲ್ ಅನ್ನುವ ಸೌಲಭ್ಯ ಇದೆ. ನಿಮ್ಮ ಖಾತೆಯಿಂದ ನೀವು ಹಾಕಿದ ಮಿತಿಯೊಳಗೆ ಅವಳು ಪಾವತಿ ಮಾಡಬಹುದು. ಪ್ರತಿ ಪಾವತಿಗೂ ನಿಮ್ಮ ಒಪ್ಪಿಗೆ ಕೇಳುವ ಹಾಗೂ ಇಟ್ಟುಕೊಳ್ಳಬಹುದು. ಅಪಾಯ ಎಲ್ಲಿದೆ ಅಂದರೆ, ‘ನಿನ್ನ ಖಾತೆಗೆ ಸ್ವಲ್ಪ ದುಡ್ಡು ಬರುತ್ತೆ, ಅದನ್ನು ಮುಂದಕ್ಕೆ ಕಳಿಸು, ನಿನಗೆ ಕಮಿಷನ್’ ಅಂತ ವಿದ್ಯಾರ್ಥಿಗಳನ್ನು ಹಿಡಿಯುವ ಮೋಸಗಾರರು ಇದ್ದಾರೆ. ಕದ್ದ ದುಡ್ಡು ಸಾಗಿಸಲು ಆ ಖಾತೆ ಬಳಸುತ್ತಾರೆ, ಪೊಲೀಸರು ಬಂದಾಗ ಸಿಕ್ಕಿಬೀಳುವುದು ಮಗು. ಇದನ್ನು ಅವಳಿಗೆ ಇದೇ ಮಾತಿನಲ್ಲಿ ಹೇಳಿ. ಮೋಸದಲ್ಲಿ ಹಣ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಮನೆಯಲ್ಲಿ ಬೈತಾರೆ ಅಂತ ಒಂದು ದಿನ ತಡ ಮಾಡಿದರೆ ಆ ಹಣ ಸಿಗುವುದು ಕಷ್ಟ.

ತಿಂಗಳ ಖರ್ಚಿಗೆ ಇಷ್ಟು ಅಂತ ಕೊಟ್ಟು, ಮುಗಿದರೆ ಮುಗಿಯಿತು ಅನ್ನಿ. ಇಪ್ಪತ್ತನೇ ತಾರೀಖಿಗೆ ಖಾಲಿ ಮಾಡಿಕೊಂಡು ಕೂತರೆ ಕರಗಬೇಡಿ. ಊಟಕ್ಕೆ ಮನೆಯ ಡಬ್ಬಿ ಇದೆ, ಬಸ್ಸಿನಲ್ಲಿ ಬಂದರೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಪುಕ್ಕಟೆ. ನಿಜವಾದ ಕಷ್ಟ ಏನೂ ಆಗುವುದಿಲ್ಲ.

ಮೈಸೂರು ಪ್ರಯಾಣ: ಕಳಿಸಿ ಅನ್ನುವುದು ನನ್ನ ಸಲಹೆ. ಅರಸೀಕೆರೆಯಿಂದ ಹಾಸನದವರೆಗಿನ ದಾರಿ ಅವಳಿಗೆ ದಿನದ ಓಡಾಟ. ಅಲ್ಲಿಂದ ಹೊಳೆನರಸೀಪುರ, ಕೆ.ಆರ್. ನಗರ ದಾಟಿದರೆ ಮೈಸೂರು. ತಲುಪಿದಲ್ಲಿ ಚಿಕ್ಕಮ್ಮ ಇದ್ದಾರೆ. ಮೊದಲ ದೂರದ ಪ್ರಯಾಣಕ್ಕೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಗೆಳತಿಯರ ಗುಂಪು ಜೊತೆಗಿದ್ದರೆ ಧೈರ್ಯ ಅಂತ ಹಲವರು ಹೇಳುತ್ತಾರೆ. ಕಿರುಕುಳ ಕೊಡುವವರಿಂದ ಗುಂಪು ಕಾಪಾಡುತ್ತದೆ, ಒಪ್ಪುತ್ತೇನೆ. ಆದರೆ ಓಡುವ ರೈಲು ಹತ್ತುವುದು, ಬಾಗಿಲಲ್ಲಿ ನಿಂತು ರೀಲ್ಸ್ ಮಾಡುವುದು, ನಡುವೆ ಇಳಿದು ಎಲ್ಲಿಗೋ ಹೋಗುವುದು, ಇಂಥವೆಲ್ಲ ಹೆಚ್ಚಾಗಿ ಆಗುವುದು ಗುಂಪಿನಲ್ಲೇ. ಹಗಲು ಹೊತ್ತಿನಲ್ಲಿ, ಗೊತ್ತಿರುವ ದಾರಿಯಲ್ಲಿ, ಒಬ್ಬಳೇ ಹೋಗುವ ಹುಡುಗಿ ಎಷ್ಟೋ ಎಚ್ಚರದಲ್ಲಿರುತ್ತಾಳೆ.

ಜಂಬೂ ಸವಾರಿಯ ಹಿಂದಿನ ಒಂದೆರಡು ದಿನ ಬೇಡ. ಆ ರಶ್ಶಿನಲ್ಲಿ ದೊಡ್ಡವರಿಗೇ ನಿಲ್ಲಲು ಜಾಗ ಸಿಗುವುದಿಲ್ಲ. ರಜೆಯ ಮೊದಲ ವಾರದಲ್ಲೇ, ಬೆಳಗಿನ ರೈಲಿಗೆ, ಸೀಟು ಬುಕ್ ಮಾಡಿ ಕಳಿಸಿ. ಬುಕ್ ಮಾಡುವುದು ಅವಳ ಕೆಲಸ. ಕಾಲೇಜಿನ ಫೋಟೋ ಇರುವ ಗುರುತಿನ ಚೀಟಿ ಬ್ಯಾಗಿನಲ್ಲಿರಲಿ. ಹೊರಡುವ ಹಿಂದಿನ ದಿನ ಕೂತು ‘ರೈಲು ಎರಡು ಗಂಟೆ ಲೇಟಾದರೆ ಏನು ಮಾಡ್ತೀಯಾ? ಫೋನ್ ಕಳೆದರೆ? ಪಕ್ಕದವರು ಏನಾದರೂ ತಿನ್ನಲು ಕೊಟ್ಟರೆ?’ ಅಂತ ಕೇಳಿ. ಉತ್ತರವನ್ನು ಅವಳೇ ಹೇಳಲಿ. ಅವಳ ಉತ್ತರ ನಿಮ್ಮದಕ್ಕಿಂತ ಬೇರೆ ಇದ್ದರೂ ಸುರಕ್ಷಿತವಾಗಿದ್ದರೆ ಒಪ್ಪಿಕೊಳ್ಳಿ. ಫೋನು ಎಷ್ಟು ಸಲ ಮಾಡಬೇಕು ಅಂತಲೂ ಮೊದಲೇ ಮಾತಾಗಿರಲಿ: ಹತ್ತಿದಾಗ, ಹಾಸನ ದಾಟಿದಾಗ, ಇಳಿದಾಗ. ನಡುವೆ ಹತ್ತು ಸಲ ನೀವು ಮಾಡಿದರೆ ಅವಳ ಗಮನವೆಲ್ಲ ನಿಮ್ಮ ಗಾಬರಿ ಸಮಾಧಾನ ಮಾಡುವುದರಲ್ಲೇ ಹೋಗುತ್ತದೆ, ಬ್ಯಾಟರಿಯೂ ಮುಗಿಯುತ್ತದೆ.

ಇದಕ್ಕೆ ಅತ್ತೆಯವರನ್ನೂ ಸೇರಿಸಿಕೊಳ್ಳಿ. ಅವರಿಗೆ ವಾದದಿಂದ ಉತ್ತರ ಕೊಡಲು ಹೋಗಬೇಡಿ. ಮೈಸೂರಿಗೆ ಇಳಿದ ತಕ್ಷಣ ಮೊದಲ ಫೋನು ಅಜ್ಜಿಗೇ ಮಾಡು ಅಂತ ಮಗಳಿಗೆ ಹೇಳಿ. ಮೊಮ್ಮಗಳು ಕ್ಷೇಮವಾಗಿ ತಲುಪಿದ ಸುದ್ದಿ ಬೀದಿಗೆಲ್ಲ ಹೇಳುವವರು ಅವರೇ ಆಗುತ್ತಾರೆ.

ಯಾವಾಗ ಹುಷಾರಾಗಬೇಕು ಅನ್ನುವುದನ್ನೂ ಹೇಳುತ್ತೇನೆ. ಸ್ವತಂತ್ರವಾಗುತ್ತಿರುವ ಮಗು ಕೋಣೆಯ ಬಾಗಿಲು ಹಾಕಿಕೊಳ್ಳಬಹುದು, ಆದರೆ ಊಟಕ್ಕೆ ಕರೆದರೆ ಬರುತ್ತದೆ, ಗೆಳತಿಯರ ಕಥೆ ಹೇಳುತ್ತದೆ, ನಗುತ್ತದೆ. ಇದ್ದಕ್ಕಿದ್ದಂತೆ ಹಳೆಯ ಗೆಳತಿಯರನ್ನೆಲ್ಲ ಬಿಟ್ಟರೆ, ಮಾರ್ಕ್ಸ್ ದಿಢೀರನೆ ಕುಸಿದರೆ, ನಿದ್ದೆ ಇಲ್ಲದೆ ಸೊರಗಿದರೆ, ಲೆಕ್ಕ ಸಿಗದ ದುಡ್ಡು ಅಥವಾ ಉಡುಗೊರೆ ಕಂಡರೆ, ಮೈಮೇಲೆ ಗಾಯ ಮುಚ್ಚಿಡುತ್ತಿದ್ದರೆ, ಬದುಕೇ ಬೇಡ ಅನ್ನುವ ಮಾತು ಬಂದರೆ ಅದನ್ನು ವಯಸ್ಸಿನ ಸಹಜ ಅಂತ ಬಿಡಬೇಡಿ. ಹತ್ತಿರದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ, ಅಥವಾ ಅದೇ 14416ಕ್ಕೆ ಕರೆ ಮಾಡಿ. ನಿಮ್ಮ ಪತ್ರದಲ್ಲಿ ಇಂಥದ್ದೇನೂ ಕಾಣಲಿಲ್ಲ.

ಕೊನೆಗೆ ನಿಮ್ಮ ಮಗ. ಒಂದೇ ಸಾಲು ಬರೆದಿದ್ದೀರಿ, ಆದರೆ ಸ್ವಾತಂತ್ರ್ಯದ ಲೆಕ್ಕದಲ್ಲಿ ಹಿಂದೆ ಬಿದ್ದಿರುವುದು ಅವನು.

ನನ್ನ ಹತ್ತಿರ ಬಂದ ಒಬ್ಬ ಹುಡುಗನ ಮುಖ ಈಗಲೂ ಕಣ್ಣಮುಂದಿದೆ. 17 ವರ್ಷ, ಓದಿನಲ್ಲಿ ಮುಂದು, ಬೈಕು ಓಡಿಸಲೂ ಗೊತ್ತು. ‘ಏನಾಗುತ್ತಿದೆ, ಹೇಳಪ್ಪ’ ಅಂದರೆ ಅಮ್ಮನ ಕಡೆ ತಿರುಗಿದ. ಅಮ್ಮ ಹೇಳತೊಡಗಿದರು: ಇವನಿಗೆ ರಾತ್ರಿ ಎದೆ ಹೊಡೆದುಕೊಳ್ಳುತ್ತೆ, ಇವನಿಗೆ ಹಾಸ್ಟೆಲ್ ಊಟ ಸೇರಲ್ಲ. ಅವರನ್ನು ಹೊರಗೆ ಕೂರಿಸಿ ಮತ್ತೆ ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ, ಹಾಸ್ಟೆಲ್ಲಿನಲ್ಲಿ ಬಟ್ಟೆ ಒಗೆಯುವುದು ಹೇಗೆ ಅಂತ ಗೊತ್ತಿಲ್ಲ, ಕೇಳಲು ನಾಚಿಕೆ, ಕೊಳೆ ಬಟ್ಟೆಯನ್ನು ಮಂಚದ ಕೆಳಗೆ ತುರುಕಿ ಇಡುತ್ತೇನೆ, ರೂಮಿನವರು ನಗುತ್ತಾರೆ ಅಂತ. ರಾತ್ರಿ ಎದೆ ಹೊಡೆದುಕೊಳ್ಳುವುದು ಅಲ್ಲಿಂದ ಶುರುವಾಗಿತ್ತು.

ಹುಡುಗಿಯರಿಗೆ ನಾವು ಅಡುಗೆಮನೆ ಕಲಿಸಿ ಬೀದಿ ಮುಚ್ಚುತ್ತೇವೆ. ಹುಡುಗರಿಗೆ ಬೀದಿ ಬಿಟ್ಟು ಅಡುಗೆಮನೆ ಮುಚ್ಚುತ್ತೇವೆ. ನಿಮ್ಮ ಮಗಳು ಬೀದಿಯನ್ನು ತಾನೇ ಕಲಿತುಕೊಂಡಳು. ಮಗನಿಗೆ ಉಳಿದದ್ದನ್ನು ಕಲಿಸುವ ವಯಸ್ಸು 13. ಈಗಲೂ ಅವನಿಗೆ ನಿಮ್ಮ ಮಾತು ಕೇಳಬೇಕು ಅನಿಸುತ್ತದೆ, ಇನ್ನು ನಾಲ್ಕು ವರ್ಷಕ್ಕೆ ಅದೂ ಕಷ್ಟ.

ತಟ್ಟೆಯಿಂದಲೇ ಶುರು ಮಾಡಿ. ಎತ್ತುವುದಷ್ಟೇ ಅಲ್ಲ, ತೊಳೆದು ಇಡುವುದೂ ಅವನದೇ. ಅಕ್ಕನಿಗೆ ಹೇಳಿ ಮಾಡಿಸಬೇಡಿ, ಅತ್ತೆಯವರು ‘ಗಂಡುಮಗು ಕೈಲಿ ಯಾಕೆ’ ಅಂದರೆ ಹಾಸ್ಟೆಲ್ ಹುಡುಗನ ಕಥೆ ಹೇಳಿ. ಸಾಧ್ಯವಾದರೆ ಮೊದಲ ದಿನ ಅಪ್ಪ ತಮ್ಮ ತಟ್ಟೆ ತೊಳೆದು ತೋರಿಸಲಿ; ನೂರು ಮಾತಿಗಿಂತ ಅದು ಬೇಗ ತಲುಪುತ್ತದೆ. ಮುಂದಿನ ತಿಂಗಳು ಅನ್ನಕ್ಕೆ ಇಡುವುದು, ಅದರ ಮುಂದಿನ ತಿಂಗಳು ಶಾಲೆಯ ಸಮವಸ್ತ್ರ ಒಗೆಯುವುದು. ಮೊದಲ ವಾರ ತಟ್ಟೆಯಲ್ಲಿ ಸೋಪಿನ ಜಿಗುಟು ಉಳಿದಿರುತ್ತದೆ. ಅವನು ಆಚೆ ಹೋದ ಮೇಲೆ ನೀವು ಮತ್ತೆ ತೊಳೆದಿಡಬೇಡಿ. ಕರೆದು ತೋರಿಸಿ, ಅವನ ಕೈಯಿಂದಲೇ ಇನ್ನೊಮ್ಮೆ ತೊಳೆಸಿ.